ಕೂಗುವವರು ಮೊದಲೋ, ಸುಮ್ಮನೆ ಮಲಗಿದವರು ಮೊದಲೋ?

ವಾರ್ಡ್ ಸಿಸ್ಟರ್‌ಗೆ ಕೇಳಿ: ಓದುಗರ ಪ್ರಶ್ನೋತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನರ್ಸಿಂಗ್ ಓದುವ ಮಕ್ಕಳವು. ಮೆಡಿಕಲ್ ವಾರ್ಡು, ಸರ್ಜಿಕಲ್ ವಾರ್ಡು ಪೋಸ್ಟಿಂಗ್ ಶುರುವಾಗಿದೆ ಅಂತ ಕಾಣುತ್ತದೆ. ಸಕ್ಕರೆ ಕಾಯಿಲೆ, ಮಂಡಿ ನೋವು ಅಂತ ಬರೆದ ಹಿರಿಯರು ಈ ಸಲ ಸ್ವಲ್ಪ ತಾಳ್ಮೆ ತಂದುಕೊಳ್ಳಿ. ಮಕ್ಕಳು ಕೇಳಿರುವುದು ನಿಮ್ಮ ಹಾಸಿಗೆಯ ವಿಷಯವೇ. ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲೇ ತಲೆ ನೆರೆಸಿಕೊಂಡವಳು ನಾನು, ಹಾಗಾಗಿ ಉತ್ತರವೂ ಅಲ್ಲಿಂದಲೇ ಬರುತ್ತದೆ.

ಪ್ರಶ್ನೆ: ನಾನು ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷದಲ್ಲಿದ್ದೇನೆ. ಟ್ಯೂಟರ್ ಮೇಡಂ ನಾಲ್ಕು ಪೇಷೆಂಟ್ ಕೊಟ್ಟು, ಬೆಳಗಿನ ಹ್ಯಾಂಡ್‌ಓವರ್ (ರಾತ್ರಿ ಪಾಳಿಯವರು ಪೇಷೆಂಟ್‌ಗಳನ್ನು ಒಪ್ಪಿಸುವುದು) ಆದ ಕೂಡಲೇ ಯಾರ ಹತ್ತಿರ ಮೊದಲು ಹೋಗುತ್ತೀ ಅಂತ ಕೇಳಿದರು. ಒಬ್ಬರಿಗೆ ನಿನ್ನೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹರ್ನಿಯಾ ಆಪರೇಷನ್ ಆಗಿದೆ, ನೋವು ಅಂತ ಕೂಗುತ್ತಿದ್ದಾರೆ. ಇನ್ನೊಬ್ಬರು ಡೆಂಗಿ, ಐದನೇ ದಿನ, ರಾತ್ರಿ ಜ್ವರ ಬಿಟ್ಟಿದೆ, ಬಿ.ಪಿ. 100/80, ಸುಸ್ತು ಅಂತ ಮಲಗಿದ್ದಾರೆ. ಮೂರನೆಯವರಿಗೆ ಶುಗರ್ 240, ತಿಂಡಿಗೆ ಮುಂಚಿನ ಇನ್ಸುಲಿನ್ ಬಾಕಿ. ನಾಲ್ಕನೆಯವರ ಡ್ರಿಪ್ ಖಾಲಿ, ಮನೆಯವರು ಬಾಗಿಲಲ್ಲಿ ನಿಂತು ಜಗಳ ಮಾಡುತ್ತಿದ್ದಾರೆ. ನಾನು ಹರ್ನಿಯಾ ಪೇಷೆಂಟ್ ಅಂದೆ. ಮಾರ್ಕ್ಸ್ ಹೋಯಿತು. ಯಾಕೆ ಸಿಸ್ಟರ್?
(ಎಸ್., ಗದಗ)

ಉತ್ತರ: ಮೇಡಂ ಸರಿಯಾಗೇ ಕತ್ತರಿಸಿದ್ದಾರೆ ಮಗಳೇ. ಮೊದಲು ಹೋಗಬೇಕಾದದ್ದು ಡೆಂಗಿಯವರ ಹತ್ತಿರ.

ಬಿ.ಪಿ. 100 ಇದೆಯಲ್ಲ, ಜ್ವರ ಬೇರೆ ಬಿಟ್ಟಿದೆ, ಅವರು ಗುಣವಾಗುತ್ತಿದ್ದಾರೆ ಅಲ್ವಾ ಅಂತ ನಿನಗೆ ಅನಿಸಿರಬೇಕು. ಒಂದು ಸಣ್ಣ ಲೆಕ್ಕ ಮಾಡು. ಮೇಲಿನ ಸಂಖ್ಯೆಯಿಂದ ಕೆಳಗಿನದನ್ನು ಕಳೆ. 20 ಬಂತು. ಆರೋಗ್ಯವಾಗಿರುವವರಲ್ಲಿ ಈ ಅಂತರ 40ರ ಆಸುಪಾಸು ಇರುತ್ತದೆ. ಡೆಂಗಿ ಪೇಷೆಂಟ್‌ನಲ್ಲಿ ಅದು 20ಕ್ಕೆ ಇಳಿದರೆ ಶಾಕ್, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿ, ಶುರುವಾಗಿದೆ ಅಂತಲೇ ಹಿಡಿದು ಕೆಲಸ ಮಾಡಬೇಕು. ಅದೇ ಪೇಷೆಂಟ್‌ಗೆ 100/60 ಇದ್ದಿದ್ದರೆ ನಾನು ಇಷ್ಟು ಗಾಬರಿ ಬೀಳುತ್ತಿರಲಿಲ್ಲ.

ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದು ಜ್ವರ ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಆಗ ರಕ್ತನಾಳಗಳು ಹೊಸ ಮಡಕೆಯ ಹಾಗೆ ಜಿನುಗಲು ಶುರು ಮಾಡುತ್ತವೆ. ರಕ್ತದ ನೀರಿನ ಅಂಶ ಹೊಟ್ಟೆಗೆ, ಎದೆಗೂಡಿಗೆ ಸೋರುತ್ತದೆ. ಒಳಗೆ ಉಳಿದದ್ದು ಕಡಿಮೆಯಾದಾಗ ದೇಹ ನಾಳಗಳನ್ನು ಬಿಗಿ ಹಿಡಿಯುತ್ತದೆ. ಹಾಗಾಗಿ ಕೆಳಗಿನ ಸಂಖ್ಯೆ ಏರಿ, ಮೇಲಿನದು ಸದ್ಯಕ್ಕೆ ನಿಂತಿರುತ್ತದೆ. ಮೇಲಿನದೂ ಬಿದ್ದ ಮೇಲೆ ಓಡಿದರೆ ತಡವಾಯಿತು. ಈ ಸೋರಿಕೆ ಇರುವುದು ಒಂದೆರಡು ದಿನ. ಅಷ್ಟು ಹೊತ್ತು ಕಣ್ಣಿಟ್ಟು ನೋಡಿಕೊಂಡರೆ ಬಹಳ ಜನ ನಡೆದುಕೊಂಡು ಮನೆಗೆ ಹೋಗುತ್ತಾರೆ.

ಹಾಸಿಗೆ ಹತ್ತಿರ ಹೋಗಿ ಏನು ಮಾಡುತ್ತೀ? ಮೊದಲು ಕೈ ಹಿಡಿ. ತಣ್ಣಗೆ, ಬೆವರಿ ಅಂಟಂಟಾಗಿದೆಯಾ? ಪಾದ ಮುಟ್ಟು. ಬೆರಳ ತುದಿಯನ್ನು ಐದು ಸೆಕೆಂಡು ಒತ್ತಿ ಬಿಡು, ಎರಡು ಸೆಕೆಂಡಿನಲ್ಲಿ ಕೆಂಪು ತಿರುಗಬೇಕು. ನಾಡಿ ದಾರದ ಎಳೆಯಷ್ಟು ಸಣ್ಣಗೆ ಓಡುತ್ತಿದೆಯಾ ನೋಡು. ಮಿಷನ್ ಪಕ್ಕಕ್ಕಿಟ್ಟು ಕೈಯಲ್ಲೇ ಕಫ್ ಕಟ್ಟಿ ಬಿ.ಪಿ. ಇನ್ನೊಮ್ಮೆ ತೆಗೆ. ಉಸಿರು ಎಣಿಸು. ಹೊಟ್ಟೆ ನೋವಿದೆಯಾ, ವಾಂತಿ ಎಷ್ಟು ಸಲ, ಒಸಡಿನಲ್ಲಿ ರಕ್ತ ಬಂತಾ ಅಂತ ಕೇಳು. ಕೊನೆಗೆ, ಮೂತ್ರ ಮಾಡಿದ್ದು ಯಾವಾಗ? 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಎಂ.ಎಲ್. ಆದರೂ ಬರಬೇಕು. ಇಷ್ಟು ಕೈಯಲ್ಲಿಟ್ಟುಕೊಂಡು ತಕ್ಷಣ ಡಾಕ್ಟರನ್ನು ಕರೆ. ಡ್ರಿಪ್ಪನ್ನು ನೀನಾಗಿ ಜೋರು ಮಾಡಬೇಡ. ನೀರು ಕಡಿಮೆಯಾದರೆ ಹೇಗೆ ಕಷ್ಟವೋ ಜಾಸ್ತಿಯಾದರೂ ಹಾಗೇ, ಶ್ವಾಸಕೋಶಕ್ಕೆ ತುಂಬುತ್ತದೆ.

ನಮ್ಮ ಕಡೆ ಡೆಂಗಿ ಅಂದರೆ ಎಲ್ಲರೂ ಕೇಳುವುದು ಒಂದೇ, 'ಪ್ಲೇಟ್‌ಲೆಟ್ ಎಷ್ಟಾಯ್ತು?' ಪಪ್ಪಾಯ ಎಲೆಗೆ ಊರೆಲ್ಲ ಸುತ್ತುವ ಮಗನನ್ನು ನಿಲ್ಲಿಸಿ, ಅಪ್ಪ ಯಾವಾಗ ಮೂತ್ರಕ್ಕೆ ಹೋಗಿದ್ದರು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಪಕ್ಕದಲ್ಲೇ ಪಿ.ಸಿ.ವಿ. ಅಂತ ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅಂತ, ಅದನ್ನೂ ಓದು. 38 ಇದ್ದದ್ದು 46 ಆಗಿದ್ದರೆ ರಕ್ತ ಗಟ್ಟಿಯಾಗುತ್ತಿದೆ, ಅಂದರೆ ನೀರು ಸೋರುತ್ತಿದೆ ಅಂತ.

ಉಳಿದ ಮೂವರು? ಖಾಲಿ ಡ್ರಿಪ್ಪಿನವರ ಹಾಸಿಗೆ ದಾರಿಯಲ್ಲೇ ಇದ್ದರೆ ರೆಗ್ಯುಲೇಟರ್ ಒತ್ತಿ ಮುಚ್ಚಿ ಮುಂದೆ ಹೋಗು, ಕ್ಷಣದ ಕೆಲಸ. ಬಾಟಲಿ ಖಾಲಿಯಾದ ಮಾತ್ರಕ್ಕೆ ಗಾಳಿ ನುಗ್ಗಿ ಜೀವ ಹೋಗುತ್ತದೆ ಅನ್ನುವುದು ಮನೆಯವರ ಭಯ. ನಿಜವಾಗಿ ಆಗುವುದು ಇಷ್ಟೇ, ಕೈಗೆ ಚುಚ್ಚಿದ ಕ್ಯಾನುಲಾ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ ಬ್ಲಾಕ್ ಆಗುತ್ತದೆ. ಅದನ್ನು ಒಳ್ಳೆ ಮಾತಲ್ಲಿ ಹೇಳಿದರೆ ಜಗಳ ಅಲ್ಲಿಗೇ ನಿಲ್ಲುತ್ತದೆ.

ಹರ್ನಿಯಾದವರ ಹತ್ತಿರ ಎರಡನೆಯದಾಗಿ ಹೋಗು. ನೋವಿನ ಇಂಜೆಕ್ಷನ್ ತರುವ ಮುಂಚೆ ಹೊದಿಕೆ ಸರಿಸಿ ಕಿಬ್ಬೊಟ್ಟೆ ನೋಡು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಆದ ಗಂಡಸರಿಗೆ ಮೂತ್ರ ಕಟ್ಟಿಕೊಳ್ಳುವುದು ಮಾಮೂಲಿ. ಹೊಕ್ಕುಳ ಕೆಳಗೆ ಗಟ್ಟಿಯಾಗಿ ಉಬ್ಬಿದ್ದರೆ ಅವರು ಕೂಗುತ್ತಿರುವುದು ಗಾಯಕ್ಕಲ್ಲ.

ಶುಗರ್ 240 ಇರುವವರು ಎಚ್ಚರವಾಗಿದ್ದು, ವಾಂತಿ, ಏದುಸಿರು ಇಲ್ಲದಿದ್ದರೆ ಸ್ವಲ್ಪ ಕಾಯಬಹುದು. ತಿಂಡಿ ತಟ್ಟೆ ಕಣ್ಣಿಗೆ ಬಿದ್ದ ಮೇಲೆ ಇನ್ಸುಲಿನ್ ಚುಚ್ಚು. ಆದರೆ ಅದೇ ಪೇಷೆಂಟ್‌ಗೆ 54 ಬಂದಿದ್ದರೆ ಪಟ್ಟಿ ತಲೆಕೆಳಗಾಗುತ್ತಿತ್ತು. ಶುಗರ್ ಜಾಸ್ತಿಯಾದರೆ ಗಂಟೆಗಳ ಲೆಕ್ಕ, ಕಡಿಮೆಯಾದರೆ ನಿಮಿಷಗಳ ಲೆಕ್ಕ ಅಂತ ನಮ್ಮ ವಾರ್ಡಿನ ಮಾತು. ಎಚ್ಚರ ಇದ್ದು ನುಂಗುವ ಹಾಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಒಂದು ಹನಿಯೂ ಬೇಡ, ಡೆಕ್ಸ್ಟ್ರೋಸ್ ರಕ್ತನಾಳಕ್ಕೇ ಹೋಗಬೇಕು.

ಪ್ರಶ್ನೆ: ಟಿ.ಪಿ.ಆರ್. (ಜ್ವರ, ನಾಡಿ, ಉಸಿರು) ಚಾರ್ಟಿನಲ್ಲಿ ಎಲ್ಲ ಪೇಷೆಂಟ್‌ಗೂ ಉಸಿರಾಟ 20 ಅಂತಲೇ ಬರೆದಿರುತ್ತಾರೆ. ನಾನು ಒಂದು ನಿಮಿಷ ನಿಂತು ಎಣಿಸಿದರೆ ಸೀನಿಯರ್‌ಗಳು ನಗುತ್ತಾರೆ. ರಕ್ತದ ಆಕ್ಸಿಜನ್ ತೋರಿಸುವ ಸ್ಯಾಚುರೇಷನ್ ಮಿಷನ್ ಇರುವಾಗ ಎಣಿಸುವುದು ಯಾಕೆ ಅನ್ನುತ್ತಾರೆ.
(ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿ, ಬಾಗಲಕೋಟೆ)

ಉತ್ತರ: ನಗಲಿ ಬಿಡಪ್ಪ. ನೀನು ಎಣಿಸು.

ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುವ ಆ ಚಾರ್ಟುಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ನ್ಯುಮೋನಿಯಾದವರಿಗೂ 20, ಮೂಲವ್ಯಾಧಿಯವರಿಗೂ 20! ಪೇಷೆಂಟ್ ಕೆಡುತ್ತಿರುವುದನ್ನು ಎಷ್ಟೋ ಸಲ ಎಲ್ಲರಿಗಿಂತ ಮೊದಲು ಹೇಳುವುದೇ ಉಸಿರಾಟ. ಬಿ.ಪಿ. ಬೀಳುವುದಕ್ಕೆ ಗಂಟೆಗಟ್ಟಲೆ ಮುಂಚೆ ಉಸಿರು ಏರಿರುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅನ್ನುವ ಅಂಕಪಟ್ಟಿ ಇದೆ, ಅಂಕ ಏರಿದಷ್ಟೂ ಅಪಾಯ. ಅದರಲ್ಲಿ ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ. 21ರಿಂದ 24 ಇದ್ದರೆ 2 ಅಂಕ. 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ 8 ಅಥವಾ ಅದಕ್ಕಿಂತ ಕಡಿಮೆಯಾದರೆ 3 ಅಂಕ. ನಾಡಿ, ಬಿ.ಪಿ., ಜ್ವರ, ಆಕ್ಸಿಜನ್, ಎಚ್ಚರ ಎಲ್ಲ ಸೇರಿ 5 ಮುಟ್ಟಿದರೆ ಡಾಕ್ಟರ್ ಬೇಗ ಬರಬೇಕು, 7 ಮುಟ್ಟಿದರೆ ತುರ್ತು. ಈಗ ಯೋಚಿಸು, 28 ಇರುವವರಿಗೆ ಸುಮ್ನೆ 20 ಅಂತ ಬರೆದರೆ ಮೂರು ಅಂಕ ಅಲ್ಲೇ ಮಾಯ.

ಎಣಿಸುವುದಕ್ಕೂ ಒಂದು ಉಪಾಯ ಇದೆ. 'ಉಸಿರು ನೋಡ್ತೀನಿ' ಅಂದರೆ ಪೇಷೆಂಟ್ ಉಸಿರು ಬದಲಿಸಿಬಿಡುತ್ತಾರೆ. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬೇಡ. ಆ ಕೈಯನ್ನು ಹಾಗೇ ಅವರ ಎದೆಯ ಮೇಲೆ ಒರಗಿಸಿ, ಗಡಿಯಾರ ನೋಡುತ್ತಾ ಕೈ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸು. ಎಣಿಸುವಾಗಲೇ ಬೇರೆಯದೂ ಕಾಣುತ್ತದೆ. ಕತ್ತಿನ ಸ್ನಾಯು ಎಳೆಯುತ್ತಿದೆಯಾ, ಒಂದು ಮಾತು ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಾರಾ, ಮಲಗಲಾಗದೆ ಎದ್ದು ಕೂತಿದ್ದಾರಾ? ಈ ಯಾವುದನ್ನೂ ಮಿಷನ್ ಹೇಳುವುದಿಲ್ಲ.

ಸ್ಯಾಚುರೇಷನ್ ಮಿಷನ್ ಒಳ್ಳೆಯದೇ, ನಾನು ಬೈಯುತ್ತಿಲ್ಲ. ಆದರೆ ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅದಕ್ಕೆ ನಂಬಿಕೆ ಇಲ್ಲ. ಬೆರಳು ಸರಿ ಇದ್ದರೂ ಅದು ಪೂರ್ತಿ ಕಥೆ ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಕೆರಳಿ ರಕ್ತದಲ್ಲಿ ಆಮ್ಲ ತುಂಬಿದ ಪೇಷೆಂಟ್ ನಿಮಿಷಕ್ಕೆ 32 ಸಲ ಆಳವಾಗಿ ಉಸಿರಾಡುತ್ತಿರುತ್ತಾರೆ, ಬೆರಳಿನಲ್ಲಿ 98 ತೋರಿಸುತ್ತಿರುತ್ತದೆ. ಹಾಗೇ ಆಕ್ಸಿಜನ್ ಹಾಕಿ 96 ಬಂದದ್ದನ್ನು 'ನಾರ್ಮಲ್' ಅಂತ ಬರೆಯಬೇಡ, ಎಷ್ಟು ಲೀಟರ್ ಮೇಲೆ 96 ಅಂತ ಬರೆ. ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾದ ಸಿ.ಒ.ಪಿ.ಡಿ. ಅಜ್ಜನಿಗೆ 88ರಿಂದ 92 ಇದ್ದರೆ ಸಾಕು ಅಂತ ಡಾಕ್ಟರ್ ಬರೆದಿರುತ್ತಾರೆ. 99 ಮಾಡುತ್ತೇನೆ ಅಂತ ಆಕ್ಸಿಜನ್ ಏರಿಸುವ ಉತ್ಸಾಹ ಅಲ್ಲಿ ಬೇಡ. ಆಕ್ಸಿಜನ್ ಜಾಸ್ತಿಯಾಗಿ ಅಜ್ಜ ಮಂಪರಿಗೆ ಜಾರಿದರೆ ನಿದ್ದೆ ಅಂದುಕೊಂಡುಬಿಡುತ್ತೀರಿ.

ಪ್ರಶ್ನೆ: ಪೊಟ್ಯಾಶಿಯಂ ತುಂಬಾ ಕಡಿಮೆ ಇದ್ದರೆ ಕೆ.ಸಿ.ಎಲ್. (ಪೊಟ್ಯಾಶಿಯಂ ಕ್ಲೋರೈಡ್) ಇಂಜೆಕ್ಷನ್ ನಿಧಾನವಾಗಿ ನೇರ ರಕ್ತನಾಳಕ್ಕೆ ಕೊಡಬಹುದಾ?
(ಹೆಸರು ಬೇಡ, ಮಂಡ್ಯ)

ಉತ್ತರ: ಇಲ್ಲ. ನಿಧಾನವಾಗಿಯೂ ಇಲ್ಲ, ಯಾರು ಹೇಳಿದರೂ ಇಲ್ಲ. ಹೃದಯ ನಿಲ್ಲುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಎಂ.ಎಲ್. ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಅದು ಬಾಟಲಿಗೆ ಬೆರೆತು ಹನಿಹನಿಯಾಗಿಯೇ ಹೋಗಬೇಕು, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ದಾಟದ ಹಾಗೆ. ನೇತುಹಾಕಿದ ಬಾಟಲಿಗೆ ಮೇಲಿಂದ ಚುಚ್ಚಬೇಡಿ, ಸರಿಯಾಗಿ ಬೆರೆಯದೆ ಒಂದೇ ಕಡೆ ಉಳಿಯುತ್ತದೆ. ಇಳಿಸಿ, ಬೆರೆಸಿ, ತಿರುಗಿಸಿ ಮುರುಗಿಸಿ, ಮೇಲೆ ಚೀಟಿ ಅಂಟಿಸಿ. ಮೂತ್ರ ಬರುತ್ತಿದೆಯಾ ಅಂತ ನೋಡದೆ ಶುರು ಮಾಡಬೇಡಿ. ಆಂಪೂಲನ್ನು ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲಿ ಇಡುವ ಟ್ರೇ ಎಲ್ಲಾದರೂ ಕಂಡರೆ ಅವತ್ತೇ ಬೇರೆ ಮಾಡಿಸಿ.

ಪ್ರಶ್ನೆ: ಹೊಲದ ಔಷಧ ಕುಡಿದ ಹುಡುಗನೊಬ್ಬ ನಮ್ಮ ವಾರ್ಡಿನಲ್ಲಿದ್ದಾನೆ. ಮೂರನೇ ದಿನ. ಮಾತಾಡುತ್ತಾನೆ, ಗಂಜಿ ಕೇಳುತ್ತಾನೆ. ಆದರೂ ಇನ್‌ಚಾರ್ಜ್ ಸಿಸ್ಟರ್ ಗಂಟೆಗೊಮ್ಮೆ ಬಂದು 'ದಿಂಬಿನಿಂದ ತಲೆ ಎತ್ತು' ಅನ್ನುತ್ತಾರೆ. ಮನೆಯವರಿಗೆ ಸಿಟ್ಟು. ನನಗೂ ಅರ್ಥವಾಗಲಿಲ್ಲ, ಕೇಳಲು ಭಯ.
(ಎಂ., ಸಿಂಧನೂರು)

ಉತ್ತರ: ಆ ಸಿಸ್ಟರ್ ಕಾಲಿಗೆ ನಮಸ್ಕಾರ ಮಾಡಮ್ಮ. ನಿನ್ನ ಪಠ್ಯಪುಸ್ತಕದಲ್ಲಿ ಎರಡೇ ಸಾಲು ಇರುವುದನ್ನು ಅವರು ಗಂಟೆಗೊಮ್ಮೆ ಮಾಡುತ್ತಿದ್ದಾರೆ.

ಭತ್ತ, ಹತ್ತಿ ಬೆಳೆಯುವ ನಿಮ್ಮ ಕಡೆ ಹೆಚ್ಚಾಗಿ ಬರುವುದು ಆರ್ಗನೋಫಾಸ್ಫರಸ್ ಗುಂಪಿನ ವಿಷ. ಮೊದಲ ದಿನದ ಗಲಾಟೆ ಎಲ್ಲರಿಗೂ ಗೊತ್ತು. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು, ಎದೆಯಲ್ಲಿ ಗೊರಗೊರ, ಬೆವರು, ಭೇದಿ. ವಿಷಕ್ಕೆ ಮದ್ದಾಗಿ ಅಟ್ರೋಪಿನ್ ಮೇಲೆ ಅಟ್ರೋಪಿನ್ ಹೋಗುತ್ತದೆ. ಆಗ ನೋಡಬೇಕಾದದ್ದು ಎದೆ ಶುದ್ಧವಾಯಿತಾ, ಕಂಕುಳು ಒಣಗಿತಾ, ನಾಡಿ 80 ದಾಟಿತಾ, ಬಿ.ಪಿ. ಮೇಲಿನದು 80ಕ್ಕಿಂತ ಜಾಸ್ತಿ ಇದೆಯಾ ಅಂತ. ಪಾಪೆ ದೊಡ್ಡದಾಗುವುದನ್ನೇ ಕಾಯುತ್ತಾ ಕೂರುವವರು ಎದೆಗೆ ಸ್ಟೆತ್ ಇಡುವುದನ್ನು ಮರೆಯುತ್ತಾರೆ.

ಎರಡನೇ ಕಂಟಕ ಬರುವುದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ. ವಿಷ ಸೇವಿಸಿದ 24ರಿಂದ 96 ಗಂಟೆಯೊಳಗೆ ಕೆಲವರಿಗೆ ಸ್ನಾಯುಗಳು ಸೋಲುತ್ತವೆ. ಇಂಟರ್ಮೀಡಿಯೇಟ್ ಸಿಂಡ್ರೋಮ್ ಅಂತ ಹೆಸರು. ಮೊದಲು ಸೋಲುವುದು ಕತ್ತಿನ ಮುಂಭಾಗದ ಸ್ನಾಯು, ಆಮೇಲೆ ಉಸಿರಾಟದ್ದು. ಹುಡುಗ ಮಾತಾಡುತ್ತಿರುತ್ತಾನೆ, ನಗುತ್ತಿರುತ್ತಾನೆ, ಆದರೆ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ಅದು ಕಂಡ ಕೂಡಲೇ ಡಾಕ್ಟರ್‌ಗೆ ಹೇಳಬೇಕು, ವೆಂಟಿಲೇಟರ್ ಎಲ್ಲಿದೆ ಅಂತ ನೋಡಬೇಕು, ಯಾಕೆಂದರೆ ಇದಕ್ಕೆ ಅಟ್ರೋಪಿನ್ ಕೆಲಸ ಮಾಡುವುದಿಲ್ಲ. ನೀನು ಇನ್ನೊಂದು ಸೇರಿಸಬಹುದು. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳು. ಬೆಳಿಗ್ಗೆ 25ರವರೆಗೆ ಹೋದವನು ಮಧ್ಯಾಹ್ನ 12ಕ್ಕೆ ನಿಂತರೆ ಯಾರನ್ನೂ ಕೇಳುತ್ತಾ ನಿಲ್ಲಬೇಡ, ಓಡು. ಗಂಜಿಯನ್ನೂ ನುಂಗುವುದು ನೋಡಿಯೇ ಕೊಡು.

ಅಟ್ರೋಪಿನ್ ಜಾಸ್ತಿಯಾದಾಗಲೂ ಗೊತ್ತಾಗುತ್ತದೆ. ಮೈ ಬಿಸಿ, ಹೊಟ್ಟೆ ಉಬ್ಬರ, ಹೊದಿಕೆಯ ದಾರ ಕೀಳುತ್ತಾ ಇಲ್ಲದವರ ಜೊತೆ ಮಾತು. ಮನೆಯವರು ದೆವ್ವ ಅನ್ನುತ್ತಾರೆ. ನೀನು ಡಾಕ್ಟರ್‌ಗೆ ಹೇಳು.

ಇನ್ನು ಬಹಳ ಮುಖ್ಯವಾದ ಮಾತು. 'ಇಷ್ಟಕ್ಕೆಲ್ಲ ಕುಡೀತಾರಾ?' ಅಂತ ಆ ಹುಡುಗನ ಹಾಸಿಗೆ ಪಕ್ಕ ಯಾರೂ ಅನ್ನಬಾರದು. ಸ್ಟಾಫ್ ಆಗಲಿ, ನೆಂಟರಾಗಲಿ. ಜೊತೆಗೆ ಒಬ್ಬರು ಇದ್ದೇ ಇರಬೇಕು. ಮನೋವೈದ್ಯರು ನೋಡದೆ ಡಿಸ್ಚಾರ್ಜ್ ಆಗದ ಹಾಗೆ ರೌಂಡ್ಸ್‌ನಲ್ಲಿ ನೆನಪಿಸು. ಮನೆಗೆ ಹೋಗುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್‌ಚಾರ್ಜ್ ಸಿಸ್ಟರನ್ನು ಕೇಳಲು ಭಯ ಅಂದೆಯಲ್ಲ, ಟೀ ಹೊತ್ತಿನಲ್ಲಿ ಕೇಳು. ಕೆಲಸದ ನಡುವೆ ಸಿಡುಕುವವರು ಟೀ ಹೊತ್ತಿನಲ್ಲಿ ಪಾಠ ಮಾಡುತ್ತಾರೆ.

ಪ್ರಶ್ನೆ: ರಾತ್ರಿ ಪಾಳಿಯಲ್ಲಿ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದರೆ 'ಇಷ್ಟಕ್ಕೆಲ್ಲ ಎಬ್ಬಿಸ್ತೀರಾ' ಅಂತ ಬೈಗುಳ. ಈಗ ಫೋನ್ ಮಾಡುವುದಕ್ಕೇ ಕೈ ನಡುಗುತ್ತದೆ. ಹೇಗೆ ಹೇಳಬೇಕು?
(ಹೊಸದಾಗಿ ಕೆಲಸಕ್ಕೆ ಸೇರಿದವಳು, ಶಿವಮೊಗ್ಗ)

ಉತ್ತರ: 'ಸರ್, ಪೇಷೆಂಟ್ ಒಂಥರಾ ಮಾಡ್ತಿದ್ದಾರೆ' ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಫೋನ್ ಎತ್ತುವ ಮುಂಚೆ ಕೇಸ್ ಶೀಟ್ ಕೈಯಲ್ಲಿರಲಿ, ಈಗಷ್ಟೇ ನೋಡಿದ ವೈಟಲ್ಸ್ (ನಾಡಿ, ಬಿ.ಪಿ., ಉಸಿರು, ಜ್ವರ) ಇರಲಿ. ಆಮೇಲೆ ನಾಲ್ಕು ಮಾತು: ಈಗ ಏನಾಗಿದೆ, ಹಿಂದಿನದು ಏನು, ನಾನು ಏನು ಕಂಡೆ, ನಿಮ್ಮಿಂದ ನನಗೆ ಏನು ಬೇಕು. ಪುಸ್ತಕದಲ್ಲಿ ಇದನ್ನೇ, ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರ ಸೇರಿಸಿ, ಎಸ್‌ಬಿಎಆರ್ ಅನ್ನುವುದು. ಕೊನೆಯದನ್ನು ನಮ್ಮ ಹುಡುಗಿಯರು ಸಂಕೋಚದಿಂದ ನುಂಗಿಬಿಡುತ್ತಾರೆ. ಅದನ್ನೇ ಗಟ್ಟಿಯಾಗಿ ಹೇಳಬೇಕು.

ಒಂದು ಉದಾಹರಣೆ. ಕಾಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ ಪೇಷೆಂಟ್ ಅಂತ ಇಟ್ಟುಕೊಳ್ಳೋಣ.

'ಸರ್, ಆರ್ಥೋ ವಾರ್ಡಿನಿಂದ ಸ್ಟಾಫ್ ನರ್ಸ್. 14ನೇ ಬೆಡ್ ಪೇಷೆಂಟ್‌ಗೆ ಪ್ಲಾಸ್ಟರ್ ಹಾಕಿದ ಕಾಲಲ್ಲಿ ತಡೆಯಲಾಗದ ನೋವು. ನಿನ್ನೆ ಸಂಜೆ ಟಿಬಿಯಾ ಫ್ರಾಕ್ಚರ್‌ಗೆ ಪ್ಲಾಸ್ಟರ್ ಆಗಿದೆ. ಹತ್ತೂವರೆಗೆ ಟ್ರಮಡಾಲ್ ಕೊಟ್ಟಿದ್ದೀನಿ, ನೋವು ಇಳಿದಿಲ್ಲ, ಏರಿದೆ. ಕಾಲ್ಬೆರಳನ್ನು ನಾನು ಮೇಲಕ್ಕೆ ಬಗ್ಗಿಸಿದರೆ ಕಿರುಚುತ್ತಾರೆ. ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡರ ನಡುವೆ ಮುಟ್ಟಿದ್ದು ಗೊತ್ತಾಗ್ತಿಲ್ಲ. ನಾಡಿ ಸಿಗ್ತಿದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನುಮಾನ. ನೀವು ಈಗಲೇ ಬಂದು ನೋಡಬೇಕು. ಪ್ಲಾಸ್ಟರ್ ಕಟರ್ ತರಿಸಿ ಇಡ್ತೀನಿ.'

ಮುಕ್ಕಾಲು ನಿಮಿಷವೂ ಹಿಡಿಯುವುದಿಲ್ಲ. ನಿದ್ದೆಗಣ್ಣಿನ ಡಾಕ್ಟರೂ ಎದ್ದು ಕೂರುತ್ತಾರೆ.

ಈ ಪೇಷೆಂಟ್ ಬಗ್ಗೆಯೇ ಇನ್ನೆರಡು ಮಾತು. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಂದರೆ ಸ್ನಾಯುವಿನ ಸುತ್ತ ಒತ್ತಡ ಏರಿ ಅದಕ್ಕೆ ರಕ್ತ ಸಾಲದ ಹಾಗಾಗುವುದು. ಪಾದದಲ್ಲಿ ನಾಡಿ ಸಿಗುತ್ತಿದೆ, ಬೆರಳು ಕೆಂಪಗಿದೆ ಅಂತ ಸಮಾಧಾನ ಪಡಬೇಡಿ. ನಾಡಿ ಹೋಗುವುದು ಕಟ್ಟಕಡೆಗೆ. ಅಷ್ಟರೊಳಗೆ ಸ್ನಾಯು ಸತ್ತಿರುತ್ತದೆ, ಅದಕ್ಕೆ ಸುಮಾರು 6 ಗಂಟೆ ಸಾಕು. ಕಾಲನ್ನು ಎರಡು ದಿಂಬಿನ ಮೇಲೆ ಎತ್ತರಿಸುವುದು ನಮ್ಮ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿ ಹಾಗೆ ಮಾಡಿದರೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಕಾಲು ಎದೆಯ ಮಟ್ಟದಲ್ಲಿರಲಿ. ಐಸ್ ಬೇಡ. ಥಿಯೇಟರ್‌ಗೆ ಹೋಗಬೇಕಾಗಬಹುದು, ಬಾಯಿಗೆ ಏನೂ ಕೊಡಬೇಡಿ. 'ಈ ಪೇಷೆಂಟ್ ಸ್ವಲ್ಪ ನಾಟಕ' ಅಂತ ಹ್ಯಾಂಡ್‌ಓವರ್‌ನಲ್ಲಿ ಯಾರಾದರೂ ಅಂದಿದ್ದರೆ ನಾನಾದರೆ ಆ ಹಾಸಿಗೆಗೇ ಮೊದಲು ಹೋಗುತ್ತೇನೆ.

ಡಾಕ್ಟರ್ ಬರಲಿಲ್ಲವೋ, ಅವರ ಮೇಲಿನವರಿಗೆ ಫೋನ್ ಮಾಡಿ. ನೈಟ್ ಸೂಪರ್‌ವೈಸರ್‌ಗೆ ತಿಳಿಸಿ. ಎಷ್ಟು ಗಂಟೆಗೆ ಯಾರಿಗೆ ಹೇಳಿದೆ, ಏನಂದರು ಅಂತ ನರ್ಸಸ್ ನೋಟ್ಸ್‌ನಲ್ಲಿ ಇರಲಿ. 'ಡಾಕ್ಟರ್‌ಗೆ ತಿಳಿಸಲಾಯಿತು' ಅಂತ ಬರೀ ಒಂದು ಸಾಲು ಬರೆದರೆ ಅದು ಬರೆದ ಲೆಕ್ಕವಲ್ಲ.

ಪ್ರಶ್ನೆ: ನನ್ನ ತಂಗಿ ಮದುವೆಯಾಗಿ ಅಮೆರಿಕದ ಟೆಕ್ಸಸ್‌ನಲ್ಲಿದ್ದಾಳೆ. ಅಲ್ಲಿ ಎಲ್.ವಿ.ಎನ್. (ಲೈಸೆನ್ಸ್ಡ್ ವೊಕೇಷನಲ್ ನರ್ಸ್) ಕೋರ್ಸ್ ಸೇರಿದ್ದಾಳೆ. ಪರೀಕ್ಷೆಯಲ್ಲಿ 'ಯಾರನ್ನು ಮೊದಲು ನೋಡುತ್ತೀರಿ' ಅನ್ನುವ ಪ್ರಶ್ನೆಗಳಲ್ಲೇ ಎಡವುತ್ತಾಳಂತೆ. ಊರಲ್ಲಿ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡಿದ ಅನುಭವ ಇದ್ದರೂ ಯಾಕೆ ಹೀಗೆ?
(ಓದುಗರು, ಹಾಸನ)

ಉತ್ತರ: ಅನುಭವ ಇರುವುದರಿಂದಲೇ ಎಡವುತ್ತಿದ್ದಾಳೆ. ಬೇರೆ ರಾಜ್ಯಗಳಲ್ಲಿ ಎಲ್.ಪಿ.ಎನ್. ಅನ್ನುವುದನ್ನೇ ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿ ಎಲ್.ವಿ.ಎನ್. ಅನ್ನುತ್ತಾರೆ. ಲೈಸೆನ್ಸ್ ಪಡೆಯಲು ಬರೆಯಬೇಕಾದದ್ದು ಎನ್‌ಕ್ಲೆಕ್ಸ್ ಪಿ.ಎನ್. ಪರೀಕ್ಷೆ, ಕಂಪ್ಯೂಟರಿನಲ್ಲಿ 85ರಿಂದ 150 ಪ್ರಶ್ನೆ. 2023ರ ಏಪ್ರಿಲ್‌ನಿಂದ ಹೊಸ ಮಾದರಿ ಬಂದಿದೆ. ಒಬ್ಬ ಪೇಷೆಂಟ್‌ನ ನೋಟ್ಸ್, ಲ್ಯಾಬ್ ರಿಪೋರ್ಟ್ ಎಲ್ಲ ಕೊಟ್ಟು, ಇದರಲ್ಲಿ ನಿನ್ನ ಕಣ್ಣಿಗೆ ಏನು ಬಿತ್ತು, ಮುಂದೇನು ಅಂತ ಒಂದರ ಹಿಂದೆ ಒಂದು ಕೇಳುತ್ತಾರೆ.

ನಮ್ಮಲ್ಲಿ ಸಿಸ್ಟರ್ ಅಂದರೆ ಎಲ್ಲವನ್ನೂ ಮಾಡುವವಳು. ಅಲ್ಲಿ ಹಾಗಲ್ಲ. ಹೊಸ ಪೇಷೆಂಟ್‌ನ ಮೊದಲ ಪೂರ್ತಿ ತಪಾಸಣೆ, ಕೇರ್ ಪ್ಲಾನ್, ಮೊದಲ ಸಲದ ಆರೋಗ್ಯ ಪಾಠ, ಇವೆಲ್ಲ ಆರ್.ಎನ್. (ಎಲ್.ವಿ.ಎನ್.ಗಿಂತ ಮೇಲಿನ ರಿಜಿಸ್ಟರ್ಡ್ ನರ್ಸ್) ಕೆಲಸ. ಎಲ್.ವಿ.ಎನ್.ಗೆ ಬರುವುದು ಸ್ಥಿರವಾಗಿರುವ, ಮುಂದೇನಾಗುತ್ತದೆ ಅಂತ ಗೊತ್ತಿರುವ ಪೇಷೆಂಟ್. ಹಾಗಾಗಿ ಬಹಳ ಸಲ ಸರಿ ಉತ್ತರ, ತನ್ನ ಕೈಲಾದದ್ದು ಮಾಡಿ ತಕ್ಷಣ ಆರ್.ಎನ್.ಗೆ ತಿಳಿಸುವುದು. ಉಸಿರು ಕಟ್ಟುತ್ತಿದ್ದರೆ ಮಾತ್ರ ಮೊದಲು ಎಬ್ಬಿಸಿ ಕೂರಿಸಬೇಕು, ಆಮೇಲೆ ತಿಳಿಸಬೇಕು.

ಇನ್ನೊಂದು, ಕಾಯಿಲೆಯ ಹೆಸರು ದೊಡ್ಡದು ಅಂತ ಆ ಪೇಷೆಂಟನ್ನು ಆರಿಸುವುದು ಬೇಡ. ಕ್ಯಾನ್ಸರ್ ಇರುವವರಿಗೆ ಎಂದಿನ ಹಾಗೆ ವಾಕರಿಕೆ, ಪಕ್ಕದ ಆಸ್ತಮಾದವರಿಗೆ ಬೆಳಿಗ್ಗೆಯಿಂದ ಇದ್ದ ಸುಯ್ ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಮಂಕಾಗಿದ್ದಾರೆ ಅಂದರೆ ಯಾರನ್ನು ನೋಡಬೇಕು? ಆಸ್ತಮಾದವರನ್ನು. ಸದ್ದು ನಿಂತದ್ದು ಗಾಳಿಯೇ ಓಡಾಡುತ್ತಿಲ್ಲ ಅಂತ. ಪ್ರಶ್ನೆಯಲ್ಲಿ ಇಲ್ಲದ್ದನ್ನು ಊಹಿಸಬಾರದು ಅಂತಲೂ ಹೇಳಿ. ಊರಿನ ನರ್ಸಿಂಗ್ ಹೋಮ್‌ನಲ್ಲಿ ಏನು ಮಾಡುತ್ತಿದ್ದೆ ಅನ್ನುವುದನ್ನು ಪರೀಕ್ಷಾ ಹಾಲಿನ ಹೊರಗೆ ಚಪ್ಪಲಿ ಜೊತೆ ಬಿಟ್ಟು ಹೋಗಲಿ.

ಪ್ರಶ್ನೆ: ಮಗಳು ಮೂರನೇ ವರ್ಷದ ಜಿ.ಎನ್.ಎಂ. ರಾತ್ರಿ ಪಾಳಿಯಲ್ಲಿ 40 ಪೇಷೆಂಟ್‌ಗೆ ಒಬ್ಬ ಸ್ಟಾಫ್, ಇವಳೊಬ್ಬಳು. ಬೆಳಿಗ್ಗೆ ಬಂದು ಅಳುತ್ತಾಳೆ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಇದು ಸರಿಯಾ ಸಿಸ್ಟರ್?
(ಒಬ್ಬ ತಂದೆ, ಚಿತ್ರದುರ್ಗ)

ಉತ್ತರ: ಸರಿಯಲ್ಲ ಅಣ್ಣಾ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ಪೇಷೆಂಟ್‌ಗೆ ಒಬ್ಬರು, ಬೇರೆ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು ಇರಬೇಕು. ಐ.ಸಿ.ಯು.ನಲ್ಲಿ ಒಬ್ಬರಿಗೆ ಒಬ್ಬರು. ಕಾಗದದ ಲೆಕ್ಕಕ್ಕೂ ವಾರ್ಡಿನ ಲೆಕ್ಕಕ್ಕೂ ಎಷ್ಟು ದೂರ ಅಂತ ನಿಮ್ಮ ಮಗಳೇ ಹೇಳಿದ್ದಾಳಲ್ಲ. ಆದ್ಯತೆ, ಆದ್ಯತೆ ಅಂತ ಮಕ್ಕಳಿಗೆ ಎಷ್ಟು ಪಾಠ ಮಾಡಿದರೂ, 40 ಜನರಲ್ಲಿ ನಾಲ್ವರು ಒಟ್ಟಿಗೇ ಕೆಟ್ಟರೆ ಎರಡು ಜೊತೆ ಕೈ ಸಾಲುವುದಿಲ್ಲ. ಅದನ್ನು ಮಗಳ ದಡ್ಡತನ ಅಂತ ಅವಳು ಅಂದುಕೊಳ್ಳದ ಹಾಗೆ ನೋಡಿಕೊಳ್ಳಿ.

ಅವಳಿಗೆ ಇದಿಷ್ಟು ಹೇಳಿ. ಪಾಳಿ ಶುರುವಾದ ಮೊದಲ ಕಾಲು ಗಂಟೆ ಇಂಜೆಕ್ಷನ್ ಟ್ರೇ ಮುಟ್ಟದೆ, ಸ್ಟಾಫ್ ಜೊತೆ ಎಲ್ಲ ಹಾಸಿಗೆ ಪಕ್ಕ ಒಂದು ಸುತ್ತು ಬರಲಿ. ಹೆಸರು ಕೂಗಿದರೆ ಉತ್ತರ ಬರುತ್ತದಾ, ಉಸಿರು ಹೇಗಿದೆ, ಕೈ ಬೆಚ್ಚಗಿದೆಯಾ, ಡ್ರೈನ್‌ನಲ್ಲಿ, ಮೂತ್ರದ ಚೀಲದಲ್ಲಿ ಏನಿದೆ, ಅಷ್ಟೇ. ಅನುಮಾನ ಬಂದ ಹಾಸಿಗೆ ಸಂಖ್ಯೆಗಳನ್ನು ಅಂಗೈಯಲ್ಲಲ್ಲ, ಚೀಟಿಯಲ್ಲಿ ಬರೆದುಕೊಳ್ಳಲಿ. ಆಮೇಲೆ ಹತ್ತು ಗಂಟೆಯ ಔಷಧ. ಆ ಚೀಟಿಯವರನ್ನು ರಾತ್ರಿಯಿಡೀ ಮತ್ತೆ ಮತ್ತೆ ನೋಡಬೇಕು. ಬೆಳಗಿನ ಜಾವ ಮೂರು, ನಾಲ್ಕರ ಹೊತ್ತು ನಮ್ಮ ಕಣ್ಣೂ ಎಳೆಯುತ್ತದೆ, ಆ ಹೊತ್ತಿನ ಸುತ್ತನ್ನು ಬಿಡಬಾರದು. ಇನ್ಸುಲಿನ್, ಕೆ.ಸಿ.ಎಲ್., ರಕ್ತ ಹಾಕುವುದು, ಇವನ್ನು ಎಷ್ಟೇ ಅವಸರ ಇದ್ದರೂ ವಿದ್ಯಾರ್ಥಿ ಒಬ್ಬಳೇ ಮಾಡಬಾರದು. ಸ್ಟಾಫ್ ಎದುರಿಗಿದ್ದು, ಇಬ್ಬರೂ ಓದಿ ನೋಡಿಯೇ ಕೊಡಬೇಕು.

ನೀವು ಮಾಡಬೇಕಾದದ್ದೂ ಇದೆ. ವಿದ್ಯಾರ್ಥಿಯನ್ನು ಸ್ಟಾಫ್ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ, ಅವಳು ಅಲ್ಲಿರುವುದು ಕಲಿಯಲು. ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಬರೆಯಿರಿ. ತಾರೀಕು, ವಾರ್ಡು, ಪೇಷೆಂಟ್ ಎಷ್ಟು, ಸ್ಟಾಫ್ ಎಷ್ಟು ಅಂತ ಮಾತ್ರ ಹಾಕಿ, ಬೈಗುಳ ಬೇಡ. ಉತ್ತರ ಬಾರದಿದ್ದರೆ ಅದೇ ಪತ್ರದ ನಕಲು ರಾಜ್ಯ ನರ್ಸಿಂಗ್ ಪರಿಷತ್ತಿಗೆ ಹೋಗಲಿ. ಒಬ್ಬರೇ ಸಹಿ ಮಾಡಿದರೆ ಇಂಟರ್ನಲ್ ಮಾರ್ಕ್ಸ್ ಮೇಲೆ ಸಿಟ್ಟು ತೀರಿಸಿಕೊಳ್ಳುವವರು ಇರುತ್ತಾರೆ, ಐದಾರು ಮಕ್ಕಳ ಪೋಷಕರು ಸೇರಿ ಸಹಿ ಹಾಕಿ.